ಔಷಧಿ ಹೊಡೆಯೋಕೆ ಓಡುತ್ತೆ, ಗದ್ದೆಗಿಳಿದರೆ ನಿಲ್ಲುತ್ತೆ: ಒಂದು ಮಿನಿ ಟ್ರ್ಯಾಕ್ಟರಿನ ಡೀಸೆಲ್ ತಕರಾರು

ಟ್ರ್ಯಾಕ್ಟರ್ ಸಣ್ಣದು. ಮೂರು ಸಿಲಿಂಡರ್, 24 ಎಚ್‌ಪಿ, ನಾಲ್ಕು ಚಕ್ರಕ್ಕೂ ಡ್ರೈವ್ ಇರುವ ಮಿನಿ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಡಿಕೆ ತೋಟ, ಅದರ ಕೆಳಗೆ ಸ್ವಲ್ಪ ಗದ್ದೆ ಇಟ್ಟುಕೊಂಡಿರುವ ನಮ್ಮ ಭಾವನದು. ಗಾಡಿ ತೆಗೆದುಕೊಂಡು ಏಳೆಂಟು ವರ್ಷ ಆಗಿದೆ. ಅಡಿಕೆ ಸಾಲಿನ ನಡುವೆ ಓಡಾಡಲಿಕ್ಕೆ, ಗೊಬ್ಬರ ಹೊರಲಿಕ್ಕೆ, ಮಳೆಗಾಲದಲ್ಲಿ ಗದ್ದೆಗೆ ರೋಟವೇಟರ್ ಹೊಡೆಯಲಿಕ್ಕೆ, ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಎಚ್‌ಟಿಪಿ ಪಂಪ್ ತಿರುಗಿಸಲಿಕ್ಕೆ, ಎಲ್ಲಕ್ಕೂ ಅದೊಂದೇ.

ತಕರಾರು ಶುರುವಾಗಿದ್ದು ಜುಲೈನಲ್ಲಿ, ಗದ್ದೆ ಕೆಲಸದ ಮಧ್ಯೆ. ಅಗೆ ಕಿತ್ತಾಗಿತ್ತು, ನಾಟಿಗೆ ಆಳು ಹೇಳಿಯಾಗಿತ್ತು. ರೋಟವೇಟರ್ ಇಳಿಸಿ ಅರ್ಧ ಗಂಟೆ ಹೊಡೆದರೆ ಇಂಜಿನ್ ಸೋಲುತ್ತದೆ. ಮೊದಲು ಆರ್‌ಪಿಎಂ ಏರಿ ಇಳಿದು ಮಾಡುತ್ತದೆ. ಆಮೇಲೆ ಪಿಕಪ್ ಹೋಗುತ್ತದೆ. ಆಕ್ಸಿಲರೇಟರ್ ಪೂರ್ತಿ ಎಳೆದರೂ ಏಳೋದಿಲ್ಲ, ಕೊನೆಗೆ ಬಂದ್ ಬೀಳುತ್ತದೆ. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತದೆ. ಮತ್ತೆ ಕಾಲು ಗಂಟೆ ಓಡಿ ಮತ್ತೆ ಅದೇ ಕಥೆ.

ಆದರೆ ಮಧ್ಯಾಹ್ನ ಮಳೆ ಬಿಟ್ಟು ಹೊಳವಾಯಿತು ಅಂತ ಅದೇ ಟ್ರ್ಯಾಕ್ಟರಿಗೆ ಔಷಧಿ ಪಂಪ್ ಕಟ್ಟಿದರೆ ಸಂಜೆವರೆಗೆ ಒಂದು ಸಲವೂ ನಿಲ್ಲೋದಿಲ್ಲ. "ಗದ್ದೆ ಕಂಡ್ರೆ ಆಗಲ್ಲ ಅಣ್ಣಾ ಇದಕ್ಕೆ" ಅಂತ ಓಡಿಸುವ ಹುಡುಗ ನಗಾಡುತ್ತಿದ್ದ. ನನಗೆ ಈ ಪ್ರಕರಣ ಬರೆದಿಡಬೇಕು ಅನ್ನಿಸಿದ್ದೇ ಆ ಮಾತಿನಿಂದ. ಅವನು ತಮಾಷೆಗೆ ಹೇಳಿದ್ದರಲ್ಲಿ ಅರ್ಧ ಉತ್ತರ ಇತ್ತು.

ನಾನು ನೋಡುವ ಹೊತ್ತಿಗೆ ಒಂದಷ್ಟು ಕೆಲಸ ಆಗಿಹೋಗಿತ್ತು. ಡೀಸೆಲ್ ಫಿಲ್ಟರ್ ಎರಡು ಸಲ ಬದಲಾಗಿತ್ತು. ಪ್ರತಿ ಸಲ ಏರ್, ಅಂದರೆ ಡೀಸೆಲ್ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ, ತೆಗೆದು ಕೊಟ್ಟಿದ್ದರು, ಪ್ರತಿ ಸಲ ಒಂದೆರಡು ದಿನ ಪರವಾಗಿಲ್ಲ ಅನ್ನಿಸಿತ್ತು. ಕೊನೆಗೆ ಬಂದ ಮೆಕ್ಯಾನಿಕ್, ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಷನ್ ಪಂಪ್ ಹೋಗಿದೆ, ಬಿಚ್ಚಿ ಶಿವಮೊಗ್ಗಕ್ಕೆ ಕಳಿಸಬೇಕು ಅಂದಿದ್ದರು. ಈಗಿನ ಡೀಸೆಲ್‌ನಲ್ಲಿ ಗಂಧಕ ಇಲ್ಲ, ಅದು ಪಂಪ್ ತಿನ್ನುತ್ತೆ ಅಂತ ಕಾರಣವನ್ನೂ ಕೊಟ್ಟಿದ್ದರು. ಇದು ಎಲ್ಲ ಕಡೆ ಕೇಳಿಬರುವ ಮಾತು. 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಬಿಎಸ್-6 ಡೀಸೆಲ್ ಬಂದ ಮೇಲೆ ಗಂಧಕದ ಪ್ರಮಾಣ 50 ಪಿಪಿಎಂನಿಂದ 10 ಪಿಪಿಎಂಗೆ ಇಳಿದಿದ್ದು ನಿಜ. ಗಂಧಕ ತೆಗೆಯುವಾಗ ಡೀಸೆಲ್‌ನ ಜಾರುವ ಗುಣ ಕಡಿಮೆಯಾಗುವುದೂ ನಿಜ. ಆದರೆ ಅದನ್ನು ಸರಿದೂಗಿಸಲು ಎಣ್ಣೆ ಕಂಪನಿಗಳೇ ಬೇರೆ ಸೇರ್ಪಡೆ ಹಾಕುತ್ತವೆ, ಜಾರುವ ಗುಣ ಇಷ್ಟಿರಲೇಬೇಕು ಅಂತ ಮಾನದಂಡವೂ ಇದೆ. ಅದಕ್ಕಿಂತ ಮುಖ್ಯವಾಗಿ, ಸವೆದ ಪಂಪ್ ಹತ್ತು ನಿಮಿಷ ಸುಮ್ನೆ ಕೂತರೆ ವಾಸಿಯಾಗೋದಿಲ್ಲ ಅಲ್ವಾ? ಸವೆತ ಇದ್ದರೆ ಬಿಸಿಯಾದಾಗ ಸ್ಟಾರ್ಟ್ ಆಗಲು ಜಾಸ್ತಿ ಕಷ್ಟ ಕೊಡಬೇಕು. ಇಲ್ಲಿ ಬಿಸಿ ಇಂಜಿನ್ ಒಂದೇ ಸೆಲ್ಫ್‌ಗೆ ಹಿಡಿಯುತ್ತಿತ್ತು. ಅದಕ್ಕೇ ಪಂಪ್ ಬಿಚ್ಚುವುದು ಬೇಡ ಅಂದೆ. ಬಿಚ್ಚಿದರೆ ಟೈಮಿಂಗ್ ಮತ್ತೆ ಹೊಂದಿಸಬೇಕು, ಬೆಂಚಿನ ಮೇಲೆ ಇಟ್ಟು ನೋಡಿಸಬೇಕು, ಬಿಲ್ಲು ಹತ್ತು ಸಾವಿರ ದಾಟಿದರೆ ಆಶ್ಚರ್ಯ ಇಲ್ಲ. ನಾಟಿ ಹೊತ್ತಿನಲ್ಲಿ ಗಾಡಿ ಮೂಲೆ ಸೇರುವುದು ಬೇರೆ.

ಹೊಗೆ, ಲೋಡು, ಟ್ಯಾಂಕಿನ ಮಟ್ಟ

ಸ್ಪ್ಯಾನರ್ ಹಿಡಿಯುವ ಮೊದಲು ಕೇಳಿ ತಿಳಿದುಕೊಳ್ಳುವುದೇ ಜಾಸ್ತಿ ಇತ್ತು. ಬಂದ್ ಬೀಳುವ ಮುಂಚೆ ಹೊಗೆ ಯಾವ ಬಣ್ಣ ಅಂತ ಕೇಳಿದೆ. ಹುಡುಗನಿಗೆ ನೆನಪಿರಲಿಲ್ಲ. ಗದ್ದೆಗೆ ಹೋಗಿ ನಿಂತು ನೋಡಿದೆವು. ಕಪ್ಪು ಹೊಗೆ ಇಲ್ಲ. ಸೋಲುತ್ತಾ ಬಂದಂತೆ ಹೊಗೆ ತೆಳುವಾಗಿ ಕಡೆಗೆ ಏನೂ ಇಲ್ಲ.

ಇದೊಂದೇ ಎಷ್ಟೋ ಅನುಮಾನ ಕಳೆಯುತ್ತದೆ. ಏರ್ ಕ್ಲೀನರ್ ಕಟ್ಟಿದ್ದರೆ ಅಥವಾ ಲೋಡು ಇಂಜಿನ್ನಿನ ಕೈಮೀರಿದ್ದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ ಆಗಿ ಕಪ್ಪಗೆ ಉಗುಳುತ್ತದೆ. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಸರಿಯಾಗಿ ಉರಿಯುತ್ತಿಲ್ಲ ಅಂತ. ಹೊಗೆಯೇ ಇಲ್ಲದೆ ಶಕ್ತಿ ಹೋಗುತ್ತಿದೆ ಅಂದರೆ ಡೀಸೆಲ್ ತಲುಪುತ್ತಿಲ್ಲ.

ಇನ್ನು ಔಷಧಿ ಪಂಪಿನ ವಿಷಯ. ಈ ಅಳತೆಯ ಇಂಜಿನ್ ಪೂರ್ತಿ ಲೋಡಿನಲ್ಲಿ ಗಂಟೆಗೆ ಸುಮಾರು 5 ಲೀಟರ್ ಡೀಸೆಲ್ ಕುಡಿಯುತ್ತದೆ. ಕೆಸರಿನಲ್ಲಿ ರೋಟವೇಟರ್ ಎಳೆಯುವಾಗ ಅದರ ಹತ್ತಿರ ಹತ್ತಿರ. ಎಚ್‌ಟಿಪಿ ಪಂಪ್ ತಿರುಗಿಸಲು ನಾಲ್ಕೈದು ಎಚ್‌ಪಿ ಸಾಕು, ಆಗ ಗಂಟೆಗೆ ಒಂದೂವರೆ ಎರಡು ಲೀಟರಿನಲ್ಲಿ ಮುಗಿಯುತ್ತದೆ. ಸುಮ್ನೆ ಐಡಲ್‌ನಲ್ಲಿ ನಿಂತಿದ್ದರೆ ಒಂದು ಲೀಟರೂ ಬೇಡ. ಹಾಗಾಗಿ ಅರ್ಧ ಕಟ್ಟಿಕೊಂಡ ದಾರಿಯಲ್ಲೂ ಔಷಧಿ ಹೊಡೆಯುವಷ್ಟು ಡೀಸೆಲ್ ಆರಾಮಾಗಿ ಬರುತ್ತದೆ. ಗದ್ದೆಗಿಳಿದಾಗ ಮಾತ್ರ ಸಾಲೋದಿಲ್ಲ. ಅಂಗಳದಲ್ಲಿ ನಿಲ್ಲಿಸಿ ನಾಲ್ಕು ಸಲ ರೈಸ್ ಮಾಡಿ "ಸರಿಯಾಯ್ತು ನೋಡಿ" ಅಂತ ಬಿಲ್ಲು ಬರೆದುಕೊಡುವುದು ಈ ತರಹದ ತಕರಾರಿನಲ್ಲಿ ಏನನ್ನೂ ಸಾಬೀತು ಮಾಡೋದಿಲ್ಲ. ಭಾವನಿಗೆ ಸಿಟ್ಟು ಇದ್ದದ್ದೂ ಅದಕ್ಕೇ. ಅಂಗಳದಲ್ಲಿ ಎಲ್ಲರಿಗೂ ಸರಿಯಾಗುತ್ತಿತ್ತು.

ಮೂರನೆಯ ಪ್ರಶ್ನೆ, ಟ್ಯಾಂಕ್ ತುಂಬಿದ್ದಾಗ ಬೇಗ ನಿಲ್ಲುತ್ತೋ, ಖಾಲಿಯಾಗುತ್ತಾ ಬಂದಾಗ ಬೇಗ ನಿಲ್ಲುತ್ತೋ? ಇದಕ್ಕೆ ಹುಡುಗ ಕೂಡಲೇ ಹೇಳಿದ: ತುಂಬಿಸಿದ ದಿನ ಸ್ವಲ್ಪ ಜಾಸ್ತಿ ಹೊತ್ತು ಓಡುತ್ತೆ. ಈ ಉತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡೆ, ಯಾಕೆಂದರೆ ಎಲ್ಲರ ಮೊದಲ ಅನುಮಾನ ಹೋಗುವುದು ಟ್ಯಾಂಕಿನ ಮುಚ್ಚಳದ ಮೇಲೆ.

ಮುಚ್ಚಳದ ಮೇಲಿನ ಅನುಮಾನ

ಅನುಮಾನಕ್ಕೆ ಕಾರಣವೂ ಇತ್ತು. ಮಳೆ ನೀರು ಇಳಿಯದಿರಲಿ ಅಂತ ಮುಚ್ಚಳಕ್ಕೆ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. ನಮ್ಮ ಕಡೆ ಇದು ಮಾಮೂಲು. ಆಗುಂಬೆ ಇರುವ ತಾಲ್ಲೂಕು ಇದು, ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ ಕಾಣುವ ಜಾಗ, ಬಿಚ್ಚಿಟ್ಟಿದ್ದೆಲ್ಲ ನೆನೆಯುತ್ತದೆ. ಆದರೆ ಮುಚ್ಚಳದಲ್ಲಿ ಗಾಳಿ ಒಳಗೆ ಹೋಗಲು ಒಂದು ಸಣ್ಣ ತೂತು ಇರುತ್ತದೆ. ಡೀಸೆಲ್ ಇಳಿದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ ಟ್ಯಾಂಕೇ ಡೀಸೆಲ್ಲನ್ನು ಹಿಡಿದು ನಿಲ್ಲಿಸುತ್ತದೆ.

ಎಷ್ಟು ಬೇಗ ಹಿಡಿಯುತ್ತದೆ ಅನ್ನುವುದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಟ್ಯಾಂಕಿನಲ್ಲಿ ಹತ್ತು ಲೀಟರಿನಷ್ಟು ಗಾಳಿಯ ಜಾಗ ಇದೆ ಅಂದುಕೊಳ್ಳಿ. ತೂತು ಪೂರ್ತಿ ಮುಚ್ಚಿದ್ದರೆ, ಅರ್ಧ ಲೀಟರ್ ಡೀಸೆಲ್ ಖರ್ಚಾಗುವಷ್ಟರಲ್ಲಿ ಒಳಗಿನ ಒತ್ತಡ ಸುಮಾರು 5% ಇಳಿಯುತ್ತದೆ. ಅರ್ಧ ಮೀಟರಿಗೂ ಎತ್ತರದ ಡೀಸೆಲ್ ತನ್ನ ಭಾರದಿಂದ ಕೊಡುವ ಒತ್ತಡ ಅಷ್ಟೇ. ಈ ಗಾಡಿಯಲ್ಲಿ ಟ್ಯಾಂಕಿಗೂ ಫಿಲ್ಟರಿಗೂ ಎತ್ತರದ ವ್ಯತ್ಯಾಸ ಒಂದಡಿ ಇದ್ದರೆ ಹೆಚ್ಚು. ಅಲ್ಲಿಗೆ ತಾನಾಗಿ ಇಳಿಯುವುದು ನಿಂತಿತು, ಇಂಜೆಕ್ಷನ್ ಪಂಪಿಗೆ ಡೀಸೆಲ್ ಎಳೆದು ಕೊಡುವ ಸಣ್ಣ ಫೀಡ್ ಪಂಪ್ ಎಳೆದದ್ದಷ್ಟೇ. ಟ್ಯಾಂಕ್ ಭರ್ತಿ ಇದ್ದು ಗಾಳಿಯ ಜಾಗ ಒಂದೇ ಲೀಟರ್ ಇದ್ದರೆ, 50 ಮಿ.ಲೀ. ಖರ್ಚಿಗೇ ಆ ಸ್ಥಿತಿ ಬರುತ್ತದೆ. ಅಂದರೆ ಮುಚ್ಚಳದ ತಕರಾರಿನಲ್ಲಿ ಟ್ಯಾಂಕ್ ತುಂಬಿದ ದಿನವೇ ಬೇಗ ನಿಲ್ಲಬೇಕು. ಇಲ್ಲಿ ಉಲ್ಟಾ ಆಗುತ್ತಿತ್ತು.

ಆದರೂ ನೋಡದೆ ಬಿಡಲಿಲ್ಲ. ಇಂಜಿನ್ ಸೋಲುತ್ತಿರುವಾಗಲೇ ಮುಚ್ಚಳ ತಿರುಗಿಸಿದೆವು. ಗಾಳಿ ನುಗ್ಗುವ ಸದ್ದು ಬರಲಿಲ್ಲ, ಇಂಜಿನ್ ಚೇತರಿಸಿಕೊಳ್ಳಲೂ ಇಲ್ಲ. ಪ್ಲಾಸ್ಟಿಕ್ ಸುತ್ತಿದ್ದು ಸಡಿಲ ಇತ್ತು ಅಂತ ಕಾಣುತ್ತದೆ. ಅದನ್ನು ಕಿತ್ತು, ಮುಚ್ಚಳ ಸಡಿಲ ಬಿಟ್ಟೇ ಇನ್ನೊಂದು ಸುತ್ತು ಹೊಡೆದರೂ ಅದೇ ಹೊತ್ತಿಗೆ ಬಂದ್ ಬಿತ್ತು. ಮುಚ್ಚಳ ಪಾರಾಯಿತು.

ಇಂಜಿನ್ ಬಂದ್ ಮಾಡುವ ಸ್ಟಾಪ್ ಕೇಬಲ್ ಪೂರ್ತಿ ವಾಪಸ್ ಹೋಗುತ್ತಿದೆಯೇ ಅಂತ ಪಂಪಿನ ಲಿವರ್ ಕೈಯಲ್ಲಿ ಅಲ್ಲಾಡಿಸಿ ನೋಡಿದೆ, ಸರಿ ಇತ್ತು. ಆಯಿಲ್ ಕಡ್ಡಿ ಎಳೆದು ಮೂಸಿದೆ. ಫೀಡ್ ಪಂಪಿನ ಒಳಗಿನ ಪೊರೆ (ಡಯಾಫ್ರಾಂ) ಹರಿದಿದ್ದರೆ ಡೀಸೆಲ್ ಇಂಜಿನ್ ಆಯಿಲಿಗೆ ಸೇರುತ್ತದೆ, ಆಯಿಲ್ ಮಟ್ಟ ಏರುತ್ತದೆ, ವಾಸನೆ ಬರುತ್ತದೆ. ಅದೂ ಇಲ್ಲ.

ಬಾಟಲಿ ಹಿಡಿದಾಗ

ಫಿಲ್ಟರಿಗೆ ಬರುವ ಪೈಪನ್ನು ಕಳಚಿ ಖಾಲಿ ನೀರಿನ ಬಾಟಲಿಗೆ ಹಿಡಿಯುವುದು ಹಳೆಯ ಪರೀಕ್ಷೆ. ಹಿಂದಿನವರೂ ಮಾಡಿದ್ದರಂತೆ. ಒಂದು ನಿಮಿಷಕ್ಕೆ ಅರ್ಧ ಬಾಟಲಿ, ಅಂದರೆ ಅರ್ಧ ಲೀಟರ್ ಬಂದಿತ್ತು. ಅಂದರೆ ಗಂಟೆಗೆ 30 ಲೀಟರ್ ಲೆಕ್ಕ, ಬೇಕಾದದ್ದು ಐದು. ಅದಕ್ಕೇ ಟ್ಯಾಂಕ್ ಕಡೆ ಏನೂ ತೊಂದರೆ ಇಲ್ಲ ಅಂತ ಎಲ್ಲರೂ ಮುಂದಕ್ಕೆ, ಪಂಪಿನ ಕಡೆಗೆ ಹೋಗಿದ್ದರು.

ನಾನು ಬಾಟಲಿ ಬಿಟ್ಟು ಕ್ಯಾನ್ ಇಟ್ಟೆ, ಸುರಿಯಲಿ ಅಂತ ಹಾಗೇ ಬಿಟ್ಟೆ. ಶುರುವಿನಲ್ಲಿ ಪೆನ್ಸಿಲ್ ದಪ್ಪದ ಧಾರೆ. ನಾಲ್ಕೈದು ನಿಮಿಷ ಆದ ಮೇಲೆ ಧಾರೆ ಸಣ್ಣಗಾಗತೊಡಗಿತು. ಕಣ್ಣೆದುರಿಗೇ ದಾರದಷ್ಟು ಆಯಿತು, ಆಮೇಲೆ ಹನಿ. ಪೈಪಿನ ಬಾಯಿಗೆ ಬೆರಳು ಒತ್ತಿ ಹಿಡಿದು ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಮತ್ತೆ ಪೆನ್ಸಿಲ್ ದಪ್ಪ. ಪಕ್ಕದಲ್ಲಿ ನಿಂತಿದ್ದ ಭಾವ "ಹೋ, ಹಿಂಗೋ ಇದು" ಅಂದರು. ಹತ್ತು ನಿಮಿಷ ಕಾಯ್ದರೆ ಯಾಕೆ ಸ್ಟಾರ್ಟ್ ಆಗುತ್ತದೆ ಅಂತ ಯಾರೂ ವಿವರಿಸಿ ಹೇಳಬೇಕಾಗಲಿಲ್ಲ. ಹರಿವು ಇದ್ದಾಗ ಕಸ ಬಂದು ಬಾಯಿ ಮುಚ್ಚುತ್ತದೆ, ಹರಿವು ನಿಂತರೆ ಬಿಟ್ಟು ಕೆಳಗೆ ಕೂರುತ್ತದೆ.

ಇಷ್ಟು ಕಂಡರೂ ಟ್ಯಾಂಕ್ ಬಿಚ್ಚುವ ಮೊದಲು ಇನ್ನೊಂದು ಪರೀಕ್ಷೆ ಮಾಡಿದೆ. ಟ್ಯಾಂಕಿನಲ್ಲಿ ಕಸ ಇದೆ ಅಂದಮಾತ್ರಕ್ಕೆ ಮುಂದಿನದೆಲ್ಲ ಸರಿ ಇದೆ ಅಂತ ಆಗೋದಿಲ್ಲ. ಐದು ಲೀಟರಿನ ಕ್ಯಾನಿಗೆ ತಳದಲ್ಲಿ ನಿಪ್ಪಲ್ ಕೂರಿಸಿದ್ದು ನನ್ನ ಹತ್ತಿರ ಒಂದಿದೆ. ಹೊಸ ಡೀಸೆಲ್ ಬಟ್ಟೆಯಲ್ಲಿ ಸೋಸಿ ಹಾಕಿ, ಸೀಟಿನ ಹಿಂದಿನ ಕಂಬಿಗೆ ಕಟ್ಟಿ, ಅಲ್ಲಿಂದ ಹೊಸ ಪೈಪಿನಲ್ಲಿ ನೇರ ಫಿಲ್ಟರಿಗೆ ಕೊಟ್ಟೆ. ಟ್ಯಾಂಕ್, ಅದರ ತಳದ ನಲ್ಲಿ (ಕಾಕ್), ಅಲ್ಲಿಂದ ಫಿಲ್ಟರಿನವರೆಗಿನ ಹೋಸ್, ಮೂರನ್ನೂ ಬಿಟ್ಟು ಓಡಿಸುವ ಉಪಾಯ ಇದು. ರಿಟರ್ನ್ ಪೈಪನ್ನೂ ಕ್ಯಾನಿಗೇ ತಿರುಗಿಸಬೇಕು. ಮರೆತರೆ ಇಂಜಿನ್ನಿಗೆ ಮಿಕ್ಕಿದ ಡೀಸೆಲ್ಲೆಲ್ಲ ಟ್ಯಾಂಕಿಗೆ ಹೋಗಿ ಕ್ಯಾನು ಬೇಗ ಬರಿದಾಗುತ್ತದೆ, ನೀವು ಹೊಸ ತಕರಾರು ಅಂದುಕೊಳ್ಳುತ್ತೀರಿ. ಪೈಪು ಸೈಲೆನ್ಸರಿಗೆ ತಾಗದ ಹಾಗೆ, ರೋಟವೇಟರ್ ತಿರುಗಿಸುವ ಹಿಂದಿನ ಪಿಟಿಒ ಶಾಫ್ಟಿನ ಕಡೆ ಜೋತಾಡದ ಹಾಗೆ ಕಟ್ಟುವುದೂ ಮುಖ್ಯ. ರೋಟವೇಟರ್ ತಿರುಗುತ್ತಿರುವಾಗ ಹಿಂದೆ ನಿಂತು ಕ್ಯಾನ್ ಬಗ್ಗಿ ನೋಡುವ ಕೆಲಸ ಯಾರೂ ಮಾಡಬಾರದು.

ಆ ಕ್ಯಾನಿನಲ್ಲಿ ಟ್ರ್ಯಾಕ್ಟರ್ ಗದ್ದೆಯಲ್ಲಿ ಒಂದು ಗಂಟೆಗೂ ಮೇಲೆ ಓಡಿತು. ನಡುವೆ ಡೀಸೆಲ್ ಹಾಕಲು ನಿಲ್ಲಿಸಿದ್ದು ಬಿಟ್ಟರೆ ಒಂದು ಕೆಮ್ಮೂ ಇಲ್ಲ. ಫಿಲ್ಟರ್, ಫೀಡ್ ಪಂಪ್, ಇಂಜೆಕ್ಷನ್ ಪಂಪ್, ನಾಜಲ್ ಎಲ್ಲ ಒಂದೇ ಏಟಿಗೆ ಪಾರಾದವು. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಬೆಲೆ ಅನ್ನಿಸುವುದು ಈ ಪರೀಕ್ಷೆಗೆ. ಮನೆಯಲ್ಲಿರುವ ಸಾಮಾನಿನಲ್ಲೇ ಆಗುತ್ತದೆ, ಪಂಪ್ ಬಿಚ್ಚುವ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ.

ಟ್ಯಾಂಕಿನ ತಳ

ಟ್ಯಾಂಕ್ ಇಳಿಸಿದೆವು. ಮೇಲಿನ ಡೀಸೆಲ್ ಬಸಿದ ಮೇಲೆ ತಳದಲ್ಲಿ ಉಳಿದದ್ದನ್ನು ಬಿಳಿ ಬಕೆಟಿಗೆ ಸುರಿದರೆ ಮೂರು ಥರ ಕಂಡಿತು. ಕೆಳಗೆ ನೀರು, ಒಂದು ಲೋಟದಷ್ಟು. ಅದರ ಮೇಲೆ ಕಪ್ಪು ಕಂದು ಬಣ್ಣದ ಲೋಳೆ, ತಿಂಗಳಾನುಗಟ್ಟಲೆ ತೊಳೆಯದ ನೀರಿನ ಬಾನಿಯ ತಳದಲ್ಲಿ ಕೂರುತ್ತಲ್ಲ, ಆ ತರಹದ್ದು. ಮೇಲೆ ಡೀಸೆಲ್. ಲೋಳೆಯನ್ನು ಬೆರಳಲ್ಲಿ ಎತ್ತಿದರೆ ಚೂರು ಚೂರಾಗಿ ಪದರ ಬಿಡುತ್ತಿತ್ತು.

ಇದು ಬರೀ ಧೂಳು ಮಣ್ಣಲ್ಲ, ಬೆಳೆದದ್ದು. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಬೂಸ್ಟು ಬೆಳೆಯುತ್ತವೆ. ಡೀಸೆಲ್ಲೇ ಅವಕ್ಕೆ ಊಟ, ಬದುಕಲು ನೀರು ಬೇಕು. ನೀರಿಲ್ಲದ ಡೀಸೆಲ್ಲಿನಲ್ಲಿ ಬೆಳೆಯಲಾರವು. ಹಾಗಾದರೆ ನೀರು ಬಂದದ್ದೆಲ್ಲಿಂದ? ಭಾವ ಮಳೆಗಾಲಕ್ಕೆ ಮುಂಚೆ ಪೇಟೆಯಿಂದ ಎರಡು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಡೀಸೆಲ್ ತಂದಿಡುತ್ತಾರೆ. ಗುಡ್ಡದ ರಸ್ತೆ, ಮಳೆ ಹಿಡಿದರೆ ಬಂಕಿಗೆ ಹೋಗಿಬರುವುದೇ ಅರ್ಧ ದಿನದ ಕೆಲಸ, ಹಾಗಾಗಿ ತಪ್ಪು ಅನ್ನಲಾರೆ. ಆದರೆ ಡ್ರಮ್ಮು ಇರುವುದು ಕೊಟ್ಟಿಗೆಯ ಮಾಡಿನ ಅಂಚಿನಲ್ಲಿ. ಒಂದರ ಮುಚ್ಚಳಕ್ಕೆ ವಾಷರ್ ಇರಲಿಲ್ಲ. ಸಾಲದ್ದಕ್ಕೆ ಡ್ರಮ್ಮಿನ ತಳದವರೆಗೂ ಪೈಪು ಇಳಿಸಿ ಕಡೇ ಹನಿಯನ್ನೂ ಎಳೆದು ಟ್ಯಾಂಕಿಗೆ ಹಾಕುತ್ತಿದ್ದರು. ನೀರು ಡೀಸೆಲ್‌ಗಿಂತ ಭಾರ, ತಳದಲ್ಲೇ ಇರುತ್ತದೆ. ಡ್ರಮ್ಮಿನ ತಳದ್ದೆಲ್ಲ ಟ್ಯಾಂಕಿನ ತಳಕ್ಕೆ ವರ್ಗವಾಗುತ್ತಿತ್ತು.

ಫಿಲ್ಟರ್ ಕೆಳಗಿನ ಬಟ್ಟಲಿನಲ್ಲಿ ನೀರು ಯಾಕೆ ಕಾಣಲಿಲ್ಲ ಅಂತ ಕೇಳಬಹುದು. ಕಾಕ್‌ಗೆ ಟ್ಯಾಂಕಿನ ಒಳಗೆ ಒಂದು ಗೇಣಿನ ಕಾಲು ಭಾಗದಷ್ಟು ಎತ್ತರದ ಕೊಳವೆ ನಿಂತಿರುತ್ತದೆ, ಅದರ ಸುತ್ತ ಸಣ್ಣ ಜಾಲರಿ. ನೀರು ಆ ಎತ್ತರಕ್ಕೆ ಬಂದಿರಲಿಲ್ಲ. ಲೋಳೆ ಮಾತ್ರ ಗದ್ದೆಯ ಕುಲುಕಾಟಕ್ಕೆ ಎದ್ದು ಬಂದು ಜಾಲರಿ ಸುತ್ತಿಕೊಳ್ಳುತ್ತಿತ್ತು. ಟ್ಯಾಂಕ್ ಭರ್ತಿ ಇದ್ದಾಗ ಮೇಲಿನ ಒತ್ತಡ ಸ್ವಲ್ಪ ಜಾಸ್ತಿ, ಕುಲುಕಾಟ ಕಡಿಮೆ. ತುಂಬಿಸಿದ ದಿನ ಜಾಸ್ತಿ ಓಡುತ್ತಿದ್ದ ಗುಟ್ಟು ಅದು.

ಈ ನೀರು ಪಂಪಿನವರೆಗೆ ಹೋಗದೆ ಉಳಿದದ್ದು ಪುಣ್ಯ. ಇಂಜೆಕ್ಷನ್ ಪಂಪಿನಲ್ಲಿ ಮೇಲೆ ಕೆಳಗೆ ಆಡುವ ಪ್ಲಂಜರಿಗೂ ಅದು ಕೂರುವ ಬ್ಯಾರಲ್ಲಿಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನ್. ಅಲ್ಲಿ ಡೀಸೆಲ್ಲೇ ಆಯಿಲ್ ಕೆಲಸವನ್ನೂ ಮಾಡುತ್ತದೆ. ನೀರು ಹೊಕ್ಕು ಒಂದು ರಾತ್ರಿ ಕೂತರೂ ತುಕ್ಕು ಶುರುವಾಗಬಹುದು. ಆಗ ಪಂಪ್ ಹೋಗಿದೆ ಅಂದರೆ ನಿಜವಾಗಿಯೂ ಹೋಗಿದೆ.

ಟ್ಯಾಂಕನ್ನು ಡೀಸೆಲ್‌ನಲ್ಲೇ ಗಲಬರಿಸಿ ತೊಳೆದು, ಒಳಗೆ ಬಟ್ಟೆ ಆಡಿಸಿ, ಬಿಸಿಲಿರಲಿಲ್ಲವಾದ್ದರಿಂದ ಬಚ್ಚಲ ಒಲೆಯಿಂದ ದೂರದಲ್ಲಿ ಗಾಳಿಗೆ ಕವುಚಿ ಒಣಗಿಸಿದೆವು. ನೀರು ಹಾಕಿ ತೊಳೆಯಲು ಹುಡುಗ ಹೊರಟಿದ್ದ, ತಡೆದೆ. ಕಾಕ್ ಬಿಚ್ಚಿ ಜಾಲರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ಗಾಳಿ ಊದಿದೆವು. ಜಾಲರಿಯನ್ನೇ ಕಿತ್ತು ಬಿಸಾಡಿ, ಕಟ್ಟುವ ಗೋಜೇ ಇರಲ್ಲ ಅನ್ನುವವರೂ ಇದ್ದಾರೆ. ಹಾಗೆ ಮಾಡಿದರೆ ಕಸ ಕಾಕ್‌ನ ಒಳಗೇ ಹೋಗಿ ಸಿಕ್ಕಿಕೊಳ್ಳುತ್ತದೆ, ಹುಡುಕಲು ಇನ್ನೂ ಕಷ್ಟ.

ಅರ್ಧ ವಾಸಿ

ಇಲ್ಲಿಗೆ ಮುಗಿದಿದ್ದರೆ ಇಷ್ಟು ಬರೆಯುವ ವಿಷಯವೇ ಇರಲಿಲ್ಲ. ಟ್ಯಾಂಕ್ ಕೂರಿಸಿ ಗದ್ದೆಗಿಳಿಸಿದರೆ ಅರ್ಧ ಗಂಟೆಗೆ ನಿಲ್ಲುತ್ತಿದ್ದದ್ದು ಒಂದು ಗಂಟೆ ದಾಟಿತು. ಎಲ್ಲರ ಮುಖವೂ ಅರಳಿತು. ಆಮೇಲೆ ಮತ್ತೆ ಅದೇ: ಆರ್‌ಪಿಎಂ ಏರಿಳಿತ, ಪಿಕಪ್ ಇಲ್ಲ, ಬಂದ್. ಕಾಯ್ದರೆ ಸ್ಟಾರ್ಟ್.

ಇಂಥ ಹೊತ್ತಿನಲ್ಲಿ ಜನ ಮತ್ತೆ ಪಂಪಿನ ಕಡೆ ತಿರುಗುತ್ತಾರೆ. ಆದರೆ ಕ್ಯಾನಿನ ಪರೀಕ್ಷೆ ಸುಳ್ಳಾಗಿರಲಿಲ್ಲ. ಕ್ಯಾನಿನಲ್ಲಿ ಓಡಿದ ಗಾಡಿ ಟ್ಯಾಂಕಿನಲ್ಲಿ ಓಡುತ್ತಿಲ್ಲ ಅಂದರೆ ತಪ್ಪು ಇನ್ನೂ ಆ ಮೂರರಲ್ಲೇ ಇದೆ: ಟ್ಯಾಂಕ್, ಕಾಕ್, ಹೋಸ್. ಟ್ಯಾಂಕ್ ಮತ್ತು ಕಾಕ್ ನಮ್ಮ ಕೈಯಲ್ಲೇ ತೊಳೆದಾಗಿತ್ತು. ಬಾಟಲಿ ಪರೀಕ್ಷೆ ಮತ್ತೆ ಮಾಡಿದರೆ ಈ ಸಲ ಕ್ಯಾನ್ ತುಂಬುವವರೆಗೂ ಧಾರೆ ಒಂದೇ ಸಮ.

ಹಾಗಾಗಿ ಫಿಲ್ಟರಿಗೆ ಸೇರುವ ಜಾಗದಲ್ಲಿ ಹೋಸಿನ ತುದಿಗೆ ಒಂದು ಗೇಣು ಮೆತ್ತನೆಯ ಪಾರದರ್ಶಕ ಪೈಪು ಸೇರಿಸಿ, ಬಾನೆಟ್ ತೆಗೆದಿಟ್ಟು, ಲೋಡಿನಲ್ಲಿ ಓಡಿಸಿದೆವು. ಈ ಪೈಪು ಪರೀಕ್ಷೆಗೆ ಮಾತ್ರ. ಡೀಸೆಲ್‌ನಲ್ಲಿ ಕೆಲವು ತಿಂಗಳಿಗೆ ಗಟ್ಟಿಯಾಗಿ ಸೀಳುತ್ತದೆ, ಬಿಸಿ ತಡೆಯೋದಿಲ್ಲ. ಪೈಪಿನಲ್ಲಿ ನೋಡಬೇಕಾದ್ದು ಎರಡು. ಗುಳ್ಳೆ ಓಡುತ್ತಿದ್ದರೆ ಹಿಂದೆಲ್ಲೋ ಗಾಳಿ ಎಳೆಯುತ್ತಿದೆ: ಸಡಿಲ ಕ್ಲಿಪ್ಪು, ಸವೆದ ತಾಮ್ರದ ವಾಷರ್, ಬಿರುಕು ಬಿಟ್ಟ ಪೈಪು. ಗುಳ್ಳೆ ಇಲ್ಲದೆ ಪೈಪೇ ಒಳಕ್ಕೆ ಹೀರಿಕೊಂಡು ಚಪ್ಪಟೆ ಆಗುತ್ತಿದ್ದರೆ ಹಿಂದೆಲ್ಲೋ ದಾರಿ ಕಟ್ಟಿದೆ.

ಇಂಜಿನ್ ಸೋಲುವ ಸ್ವಲ್ಪ ಮುಂಚೆ ಪೈಪಿನ ನಡುಭಾಗ ನಿಧಾನಕ್ಕೆ ಒಳಗೆ ಹೋಯಿತು. ಎರಡು ಬದಿಯೂ ಹತ್ತಿರ ಬಂದು ಮುಟ್ಟುವ ಹಾಗೆ ಆಯಿತು. ಗುಳ್ಳೆ ಒಂದೂ ಇಲ್ಲ. ಬಂದ್ ಬಿದ್ದ ಮೇಲೆ ಮೆಲ್ಲಗೆ ಉಬ್ಬಿ ದುಂಡಗಾಯಿತು.

ಉಳಿದದ್ದು ಕಾಕ್‌ನಿಂದ ಬರುವ ಕಪ್ಪು ರಬ್ಬರ್ ಹೋಸ್. ಹೊರಗಿನಿಂದ ಹೊಚ್ಚ ಹೊಸದರ ಹಾಗೆ ಇತ್ತು. ಕಳಚಿ ಇಂಜಿನ್ ಕಡೆಯ ತುದಿಯಿಂದ ಊದಿದೆ, ಗಾಳಿ ಸಲೀಸಾಗಿ ಹೋಯಿತು. ಟ್ಯಾಂಕ್ ಕಡೆಯ ತುದಿಯಿಂದ, ಅಂದರೆ ಡೀಸೆಲ್ ಹೋಗುವ ದಿಕ್ಕಿನಲ್ಲಿ ಜೋರಾಗಿ ಊದಿದರೆ ಕೆನ್ನೆ ಉಬ್ಬುತ್ತದೆ, ಗಾಳಿ ಹೋಗೋದಿಲ್ಲ. ಮೆಲ್ಲಗೆ ಊದಿದರೆ ಹೋಗುತ್ತದೆ. ಭಾವನ ಕೈಗೆ ಕೊಟ್ಟೆ, ಅವರೂ ಊದಿ ನೋಡಿ ನಕ್ಕರು. ಆಮೇಲೆ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದೆವು. ಸೈಲೆನ್ಸರ್ ಪಕ್ಕ ಹಾದುಹೋಗುವ ಜಾಗದಲ್ಲಿ ಒಳಗಿನ ಪದರ ಊದಿಕೊಂಡು ಬಿಟ್ಟು ಬಂದು, ಬೆರಳುಗುರಿನಷ್ಟು ಅಗಲದ ಒಂದು ನಾಲಿಗೆ ಎದ್ದು ನಿಂತಿತ್ತು. ಹರಿವು ನಿಧಾನ ಇದ್ದರೆ ಡೀಸೆಲ್ ಅದರ ಪಕ್ಕದಲ್ಲಿ ದಾಟುತ್ತದೆ. ಫೀಡ್ ಪಂಪ್ ಜೋರಾಗಿ ಎಳೆದಾಗ, ಅದೂ ರಬ್ಬರ್ ಬಿಸಿಯಾಗಿ ಮೆತ್ತಗಾದ ಮೇಲೆ, ನಾಲಿಗೆ ಮಗುಚಿ ದಾರಿ ಮುಚ್ಚುತ್ತದೆ. ಬಾಟಲಿಗೆ ಹಿಡಿದಾಗ ಎಳೆತವೂ ಇಲ್ಲ, ಬಿಸಿಯೂ ಇಲ್ಲ, ಹಾಗಾಗಿ ಆ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವಂತೆಯೇ ಇರಲಿಲ್ಲ.

ಆ ಹೋಸ್ ಎಲ್ಲಿಂದ ಬಂತು? ಎರಡು ವರ್ಷದ ಹಿಂದೆ ಇಲಿ ಕಚ್ಚಿದ್ದಕ್ಕೆ ಬದಲಾಯಿಸಿದ್ದಂತೆ. ಅಳತೆಗೆ ಸರಿಹೋಗುವ ಹೋಸು ಅಂಗಡಿಯಲ್ಲಿ ಕತ್ತರಿಸಿ ಕೊಟ್ಟಿದ್ದರು. ಗಾಳಿಗೋ ನೀರಿಗೋ ಮಾಡಿದ ರಬ್ಬರ್ ಇರಬೇಕು. ಸಾಮಾನ್ಯ ರಬ್ಬರ್ ಡೀಸೆಲ್ ಕುಡಿದು ಊದಿಕೊಳ್ಳುತ್ತದೆ. ಡೀಸೆಲ್ ತಡೆಯುವುದು ನೈಟ್ರೈಲ್ ಒಳಪದರ ಇರುವ ಫ್ಯೂಯಲ್ ಹೋಸ್, ಅದರ ಮೈಮೇಲೆ ಹಾಗಂತ ಅಚ್ಚು ಇರುತ್ತದೆ. ಹೆಚ್ಚಿನ ಖರ್ಚು ನೂರಿನ್ನೂರು ರೂಪಾಯಿ. ಹೊಸದನ್ನು ತಂದು, ಸೈಲೆನ್ಸರಿನಿಂದ ಆಚೆ ಸರಿಸಿ, ಚೂಪು ಬಳುಕು ಬಾರದ ಹಾಗೆ ಒಂದು ಕ್ಲಾಂಪ್ ಹಾಕಿ ಕಟ್ಟಿದೆವು.

ಎರಡೂ ತಪ್ಪುಗಳ ಲಕ್ಷಣ ಒಂದೇ ಆಗಿದ್ದದ್ದು ಇಲ್ಲಿಯ ಗೋಜಲು. ಜಾಲರಿಯ ಲೋಳೆಯೂ ಹರಿವಿದ್ದಾಗ ಮುಚ್ಚಿ ನಿಂತಾಗ ಬಿಡುತ್ತದೆ, ಹೋಸಿನ ನಾಲಿಗೆಯೂ ಹಾಗೇ. ಲೋಳೆ ಮೊದಲು ನಿಲ್ಲಿಸುತ್ತಿದ್ದರಿಂದ ಹೋಸಿನ ಸರದಿ ಬರುತ್ತಲೇ ಇರಲಿಲ್ಲ. ಟ್ಯಾಂಕು, ಹೋಸು, ಫಿಲ್ಟರು ಎಲ್ಲ ಒಂದೇ ದಿನ ಬದಲಾಯಿಸಿಬಿಟ್ಟಿದ್ದರೂ ಗಾಡಿ ಸರಿಯಾಗುತ್ತಿತ್ತು, ನಿಜ. ಆದರೆ ಹೋಸಿನಿಂದ ಅಂತ ಗೊತ್ತಾಗದೆ, ಮುಂದಿನ ಸಲವೂ ಅದೇ ಅಂಗಡಿಯ ಅದೇ ಹೋಸು ಬರುತ್ತಿತ್ತು.

ಏರ್ ತೆಗೆದದ್ದು

ಇಷ್ಟು ಬಿಚ್ಚಿದ ಮೇಲೆ ಏರ್ ಹಿಡಿದೇ ಇರುತ್ತದೆ. ಫಿಲ್ಟರ್ ತಲೆಯ ಮೇಲಿನ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ ಬಿಟ್ಟರೆ ಟ್ಯಾಂಕಿನ ಡೀಸೆಲ್ ತಾನಾಗಿ ಇಳಿದು ಬರುತ್ತದೆ: ಮೊದಲು ಸುಯ್ ಅಂತ ಗಾಳಿ, ಆಮೇಲೆ ನೊರೆ, ಆಮೇಲೆ ಗುಳ್ಳೆ ಇಲ್ಲದ ಡೀಸೆಲ್. ಡೀಸೆಲ್ ಬರುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಬೇಕು. ಅದಾದ ಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂ ಸಡಿಲಿಸಿ ಫೀಡ್ ಪಂಪಿನ ಕೈ ಲಿವರ್ ಒತ್ತುತ್ತಾ ಹೋಗಬೇಕು, ಗುಳ್ಳೆ ನಿಂತ ಮೇಲೆ ಒತ್ತುತ್ತಿರುವಾಗಲೇ ಬಿಗಿ. ಲಿವರ್ ಒತ್ತಿದರೆ ಖಾಲಿ ಖಾಲಿ ಅನ್ನಿಸಿದರೆ ಕ್ಯಾಮ್ ಎತ್ತಿ ಹಿಡಿದಿರುತ್ತದೆ, ಇಂಜಿನ್ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ. ಫಿಲ್ಟರ್ ಬಿಟ್ಟು ನೇರ ಪಂಪಿಗೆ ಹೋದರೆ ಫಿಲ್ಟರಿನಲ್ಲಿರುವ ಗಾಳಿ ಮತ್ತೆ ಬಂದು ಸೇರುತ್ತದೆ, ಕೆಲಸ ಎರಡು ಪಟ್ಟು.

ಕೊನೆಗೆ ನಾಜಲ್ ಕಡೆಯ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟು, ಹತ್ತು ಹದಿನೈದು ಸೆಕೆಂಡ್ ಸೆಲ್ಫ್. ಡೀಸೆಲ್ ಒಸರತೊಡಗಿದ ಮೇಲೆ ಒಂದೊಂದೇ ಬಿಗಿ. ಸೆಲ್ಫ್ ಮೋಟರಿಗೂ ಬ್ಯಾಟರಿಗೂ ನಡುನಡುವೆ ಬಿಡುವು ಕೊಡಬೇಕು. ಇಲ್ಲಿ ಕೈ ಬಗ್ಗೆ ಎಚ್ಚರ. ಈ ಪೈಪುಗಳಲ್ಲಿ ಒತ್ತಡ ನೂರಕ್ಕೂ ಮೇಲೆ ಕೆ.ಜಿ. ಇರುತ್ತದೆ, ಚದರ ಸೆಂಟಿಮೀಟರಿಗೆ. ಸೂಜಿ ಮೊನೆಯಷ್ಟು ತೂತಿನಿಂದ ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಸೋರುತ್ತಿದೆಯೇ ಅಂತ ಬೆರಳಿಟ್ಟು ನೋಡಬಾರದು, ರಟ್ಟಿನ ತುಂಡು ಹಿಡಿಯಬೇಕು. ಒಳಗೆ ಹೋದರೆ ಗಾಯ ಚುಕ್ಕಿಯಷ್ಟೇ ಕಾಣುತ್ತದೆ, ನೋವೂ ಮೊದಲಿಗೆ ಇರದೇ ಇರಬಹುದು, ಆದರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಸರಿಯಾಗಿದೆ ಅಂತ ಒಪ್ಪಿಕೊಂಡದ್ದು ಗದ್ದೆಯಲ್ಲಿ. ಬೆಳಗ್ಗೆ ಅರ್ಧ ಟ್ಯಾಂಕಿಗೆ ಶುರು ಮಾಡಿ, ರೋಟವೇಟರ್ ಪೂರ್ತಿ ಇಳಿಸಿ, ಟ್ಯಾಂಕ್ ಕಾಲು ಭಾಗಕ್ಕೆ ಬರುವವರೆಗೂ ನಿಲ್ಲಿಸದೆ ಹೊಡೆಸಿದೆವು. ನಾಟಿ ಮುಗಿಯುವವರೆಗೆ ಮತ್ತೆ ತಕರಾರು ಬರಲಿಲ್ಲ. ಹೊಸ ಫಿಲ್ಟರನ್ನು ಮಾತ್ರ ಹದಿನೈದು ದಿನಕ್ಕೇ ಇನ್ನೊಮ್ಮೆ ಬದಲಾಯಿಸಿದೆವು. ಟ್ಯಾಂಕಿನ ಗೋಡೆಗೆ ಅಂಟಿದ್ದ ಲೋಳೆ ಆಮೇಲೂ ಸ್ವಲ್ಪ ಸ್ವಲ್ಪ ಬಿಡುತ್ತಿರುತ್ತದೆ, ಇದು ನಿರೀಕ್ಷಿಸಿದ್ದೇ.

ಡ್ರಮ್ಮುಗಳು ಈಗ ಮಾಡಿನ ಒಳಗೆ, ಹಲಗೆಯ ಮೇಲೆ, ಒಲೆ ದೀಪದಿಂದ ದೂರ ಇವೆ. ಎಳೆಯುವ ಪೈಪಿನ ತುದಿಗೆ ಒಂದು ಕಡ್ಡಿ ಕಟ್ಟಿದ್ದೇವೆ, ತಳದಿಂದ ನಾಲ್ಕು ಬೆರಳು ಮೇಲೆಯೇ ನಿಲ್ಲುತ್ತದೆ. ಉಳಿದ ತಳದ ಡೀಸೆಲ್ ಗಾಜಿನ ಬಾಟಲಿಯಲ್ಲಿ ಒಂದು ದಿನ ನಿಲ್ಲಿಸಿ, ನೀರು ಕಂಡರೆ ಗಾಡಿಗೆ ಹಾಕೋದಿಲ್ಲ. ಮುಚ್ಚಳಕ್ಕೆ ಪ್ಲಾಸ್ಟಿಕ್ ಬದಲು ಮಗುಚಿದ ಡಬ್ಬಿ ಬಂದಿದೆ, ಗಾಳಿಗೆ ಕೆಳಗಿನಿಂದ ಜಾಗ ಇದೆ.

ಬೆಳಗ್ಗೆ ಮೊದಲ ಸ್ಟಾರ್ಟಿಗೆ ಒಂದು ನಿಮಿಷ ಬಿಳಿ ಹೊಗೆ ಇನ್ನೂ ಬರುತ್ತದೆ. ಅದಕ್ಕೂ ಡೀಸೆಲ್ ದಾರಿಗೂ ಸಂಬಂಧ ಇಲ್ಲ ಅಂತ ನನ್ನ ಅಂ‌ದಾಜು, ತಣ್ಣಗಿನ ಇಂಜಿನ್ ಹಿಡಿಯಲು ಬಿಸಿ ಕೊಡುವ ಗ್ಲೋ ಪ್ಲಗ್ ಒಂದು ಸತ್ತಿರಬಹುದು. ಅಡಿಕೆ ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಅಂದಿದ್ದಾರೆ ಭಾವ.